ಹೊರಗೆ ಕಾಣದ ರಕ್ತಸ್ರಾವ: ಹಾಸಿಗೆಯ ಬಳಿಯೇ ಸ್ಕ್ಯಾನಿಂಗ್

ಸ್ಕ್ಯಾನಿಂಗ್ ಎಂದೊಡನೆ ನಮಗೆ ನೆನಪಾಗುವುದು ಗರ್ಭಿಣಿಯರು, ಇಲ್ಲವೆ ಮೂತ್ರಪಿಂಡದ ಕಲ್ಲು. ಅಪಘಾತದಲ್ಲಿ ಪೆಟ್ಟು ತಿಂದವರ ಜೀವ ಉಳಿಸಲೂ ಇದು ನೆರವಾಗುತ್ತದೆ ಎಂಬುದು ಹಲವರಿಗೆ ತಿಳಿದಿಲ್ಲ.

ಶಹಾಪುರ, ಸುರಪುರ ಭಾಗದಲ್ಲಿ ಹತ್ತಿ ಬಿಡಿಸಲು, ಭತ್ತ ನಾಟಿ ಮಾಡಲು ಕೂಲಿಯವರನ್ನು ಹೊತ್ತ ವಾಹನಗಳು ಓಡಾಡುತ್ತಿರುತ್ತವೆ. ಟ್ರ್ಯಾಕ್ಟರಿನಿಂದ ಬಿದ್ದವರು, ಬೈಕಿನ ಹ್ಯಾಂಡಲ್ ಹೊಟ್ಟೆಗೆ ತಾಗಿದವರು, ಎತ್ತು ಹಾಯ್ದವರು ಎದ್ದು ಕುಳಿತು ಮಾತನಾಡುತ್ತಿರಬಹುದು. 'ರಕ್ತ ಬಂದಿಲ್ಲ, ಚಿಂತೆಯಿಲ್ಲ' ಎಂದು ಮನೆಯವರು ಸಮಾಧಾನಪಟ್ಟುಕೊಳ್ಳುತ್ತಾರೆ. ಅಪಾಯವಿರುವುದು ಇಲ್ಲಿಯೇ. ಯಕೃತ್ತು ಅಥವಾ ಗುಲ್ಮ ಸೀಳಿದರೆ ರಕ್ತ ಹೊರಗೆ ಬಾರದೆ ಹೊಟ್ಟೆಯೊಳಗೇ ತುಂಬಿಕೊಳ್ಳುತ್ತದೆ.

ಯಂತ್ರದ ಕೆಲಸ ಹೇಗೆ?

ನಮ್ಮ ಕಿವಿಗೆ ಕೇಳುವುದು ಸೆಕೆಂಡಿಗೆ ಹೆಚ್ಚೆಂದರೆ 20,000 ಕಂಪನಗಳ ಶಬ್ದ. ಹೊಟ್ಟೆಯ ಪರೀಕ್ಷೆಗೆ ಬಳಸುವ ಧ್ವನಿತರಂಗಗಳ ಕಂಪನ ಸೆಕೆಂಡಿಗೆ 20ರಿಂದ 50 ಲಕ್ಷ. ಇವು ಅಂಗಾಂಗಗಳಿಗೆ ಬಡಿದು ಮರಳಿದಾಗ ಪರದೆಯ ಮೇಲೆ ಚಿತ್ರ ಮೂಡುತ್ತದೆ. ಸೋರಿದ ರಕ್ತ ಕಪ್ಪಗೆ ಕಾಣುತ್ತದೆ. ಎಕ್ಸ್-ರೇಯಂತೆ ವಿಕಿರಣದ ಭಯವಿಲ್ಲ.

ವೈದ್ಯರು ಮುಖ್ಯವಾಗಿ ನಾಲ್ಕು ಕಡೆ ನೋಡುತ್ತಾರೆ: ಯಕೃತ್ತು ಮತ್ತು ಬಲ ಮೂತ್ರಪಿಂಡದ ನಡುವೆ, ಗುಲ್ಮದ ಸುತ್ತ, ಮೂತ್ರಕೋಶದ ಹಿಂದೆ ಮತ್ತು ಹೃದಯದ ಹೊರಚೀಲದಲ್ಲಿ. ಇದು ಕೆಲವೇ ನಿಮಿಷಗಳ ಕೆಲಸ. ಯಂತ್ರ ಚಿಕ್ಕದಾದ್ದರಿಂದ ರೋಗಿಯನ್ನು ಕದಲಿಸಬೇಕಿಲ್ಲ. ಸಲೈನ್ ಹಚ್ಚುತ್ತಿರುವಾಗಲೇ ಪರೀಕ್ಷಿಸಬಹುದು. ಪೆಟ್ಟಿನಿಂದ ಎದೆಗೂಡಿನಲ್ಲಿ ಗಾಳಿ ಸೇರಿದ್ದರೂ ತಿಳಿಯುತ್ತದೆ. ಮುಟ್ಟು ತಪ್ಪಿದ ಹೆಂಗಸು ಕಿಬ್ಬೊಟ್ಟೆ ನೋವಿನಿಂದ ತಲೆಸುತ್ತಿ ಬಿದ್ದರೆ, ನಾಳದಲ್ಲಿ ನಿಂತ ಗರ್ಭ ಒಡೆದಿದೆಯೇ ಎಂದು ನೋಡಲೂ ಇದು ಸಹಾಯಕ.

ಮಿತಿಯೂ ಉಂಟು

ಕಾಲು ಲೀಟರಿಗಿಂತ ಕಡಿಮೆ ರಕ್ತ ಸೋರಿದ್ದರೆ ಕಾಣದೆ ಹೋಗಬಹುದು. ಕರುಳಿನ ಗಾಯ ತಪ್ಪಿಸಿಕೊಳ್ಳಬಹುದು. ಆದ್ದರಿಂದ ಮೊದಲ ಪರೀಕ್ಷೆಯಲ್ಲಿ ಏನೂ ಕಾಣದಿದ್ದರೂ, ಇನ್ನಷ್ಟು ಹೊತ್ತು ಇರಿ ಎಂದು ವೈದ್ಯರು ಹೇಳಿದರೆ ಹಟ ಮಾಡಿ ಮನೆಗೆ ಕರೆದೊಯ್ಯಬೇಡಿ.

ಯಂತ್ರವನ್ನು ಊರಿಗೇ ತರಿಸಬಾರದೇ ಎಂದು ಕೇಳುವಿರಾ? ಭ್ರೂಣಲಿಂಗ ಪತ್ತೆ ತಡೆಯಲು 1994ರಲ್ಲಿ ಕಾನೂನು ಬಂದಿತು. ಅದರಡಿ 2012ರಲ್ಲಿ ಮಾಡಿದ ನಿಯಮದಂತೆ, ಇಂಥ ಯಂತ್ರವನ್ನು ನೋಂದಾಯಿತ ಆಸ್ಪತ್ರೆಯ ಆವರಣದಲ್ಲಿ ಒಳರೋಗಿಗಳಿಗೆ, ಇಲ್ಲವೆ ಸಂಚಾರಿ ವೈದ್ಯಕೀಯ ಘಟಕದ ಭಾಗವಾಗಿ ಮಾತ್ರ ಬಳಸಬಹುದು. ಹೀಗಾಗಿ ರೋಗಿಯನ್ನೇ ಬೇಗ ಆಸ್ಪತ್ರೆಗೆ ತಲುಪಿಸಬೇಕು.

ನೀವು ಮಾಡಬೇಕಾದದ್ದು

* ಹೊಟ್ಟೆಗೆ ಪೆಟ್ಟಾದ ಮೇಲೆ ಮುಖ ಬಿಳಿಚಿದರೆ, ತಣ್ಣನೆಯ ಬೆವರು, ತಲೆಸುತ್ತು, ಬಾಯಾರಿಕೆ, ಭುಜದ ನೋವು ಕಂಡರೆ ಕೂಡಲೇ 108ಕ್ಕೆ ಕರೆ ಮಾಡಿ.
* ನೀರು, ಚಹಾ, ಊಟ ಕೊಡಬೇಡಿ, ಶಸ್ತ್ರಚಿಕಿತ್ಸೆ ಬೇಕಾಗಬಹುದು. ಹೊಟ್ಟೆ ತಿಕ್ಕಬೇಡಿ.
* ಸ್ಕ್ಯಾನಿಂಗ್ ಸೆಂಟರ್ ಹುಡುಕುತ್ತ ಅಲೆಯದೆ ನೇರವಾಗಿ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಿ.
* ರಕ್ತ ಕೊಡಬಲ್ಲ ಇಬ್ಬರು ಜೊತೆಗಿರಲಿ.

ಯಾದಗಿರಿಯಿಂದ ಕಲಬುರಗಿಗೆ ಸುಮಾರು 80 ಕಿ.ಮೀ.; ಸುರಪುರದಿಂದ ಇನ್ನೂ ದೂರ. ಇಲ್ಲಿಯೇ ಶಸ್ತ್ರಚಿಕಿತ್ಸೆ ಮಾಡಬೇಕೇ, ದೊಡ್ಡ ಆಸ್ಪತ್ರೆಗೆ ಸಾಗಿಸಬೇಕೇ ಎಂದು ವೈದ್ಯರು ನಿರ್ಧರಿಸಲು ಆ ಕೆಲವು ನಿಮಿಷಗಳ ಪರೀಕ್ಷೆ ಆಧಾರವಾಗುತ್ತದೆ. ಅದಕ್ಕೆ ಸಮಯ ಉಳಿಸಿಕೊಡುವುದು ಮಾತ್ರ ಮನೆಯವರ ಕೈಯಲ್ಲಿದೆ.