ತೆಂಗಿನ ಮರ ಹತ್ತುವ ಕಸುಬು: ಕೌಶಲದೊಳಗೇ ಇರಲಿ ಸುರಕ್ಷತೆ

ಜಾವಗಲ್ ಹೋಬಳಿಯೂ ಸೇರಿದಂತೆ ಅರಸೀಕೆರೆ ಸೀಮೆಯಲ್ಲಿ ತೆಂಗು ಮುಖ್ಯ ಬೆಳೆ. ಆದರೆ ಕಾಯಿ ಕೀಳಲು ಮರ ಹತ್ತುವವರು ಸಿಗುವುದೇ ಕಷ್ಟವಾಗಿದೆ. ಬಿದ್ದರೆ ಬದುಕೇ ಹೋಗುವ ಕಸುಬಿಗೆ ಯಾವ ತಂದೆ ತಾನೇ ಮಗನನ್ನು ಕಳುಹಿಸಿಯಾನು?

ಈ ಕೊರತೆ ನೀಗಲು ತೆಂಗು ಅಭಿವೃದ್ಧಿ ಮಂಡಳಿಯು 2011ರಲ್ಲಿ, ಯಂತ್ರದ ಸಹಾಯದಿಂದ ಮರ ಹತ್ತುವುದನ್ನು ಕಲಿಸುವ ಆರು ದಿನಗಳ ತರಬೇತಿಯನ್ನು ಆರಂಭಿಸಿತು. ಭಾರತೀಯ ಕೃಷಿ ಕೌಶಲ ಪರಿಷತ್ತು ರೂಪಿಸಿರುವ ಮಾನದಂಡಗಳಲ್ಲಿಯೂ ಕೆಲಸದ ಜಾಗದ ಆರೋಗ್ಯ ಹಾಗೂ ಸುರಕ್ಷತೆಗೆ ಪ್ರತ್ಯೇಕ ಘಟಕವಿದೆ. ಒಳ್ಳೆಯದೇ. ಆದರೆ ಪ್ರತ್ಯೇಕ ಪಾಠವಾಗಿ ಕೇಳಿದ್ದು ಮರದ ಬುಡದಲ್ಲಿ ನೆನಪಿಗೆ ಬರುವುದು ಕಡಿಮೆ. ಕೆಲಸದ ಒಂದೊಂದು ಹಂತದಲ್ಲಿಯೂ ಅದು ಬೆರೆತಿರಬೇಕೆಂಬುದು ನಮ್ಮ ಅಭಿಪ್ರಾಯ.

ಕೆಂಪು ಮೂತಿ ಹುಳುವನ್ನೇ ತೆಗೆದುಕೊಳ್ಳಿ. ಇದನ್ನು ನಾವು ಬೆಳೆಯ ಕೀಟವೆಂದು ಮಾತ್ರ ಹೇಳಿಕೊಡುತ್ತೇವೆ. ಮರಿಹುಳುಗಳು ಕಾಂಡದ ತಿರುಳನ್ನು ಒಳಗೇ ತಿಂದು ಟೊಳ್ಳು ಮಾಡುತ್ತವೆ. ಹೊರಗೆ ಕಾಣುವುದು ಕೆಲವು ರಂಧ್ರ, ಅವುಗಳಿಂದ ಒಸರುವ ಕಂದು ರಸ, ಅಗಿದುಬಿಟ್ಟ ನಾರು, ಇಷ್ಟೇ. ಇಂತಹ ಮರ ಭಾರಕ್ಕೆ ಮುರಿಯಬಹುದು. ಆದ್ದರಿಂದ ಕಾಂಡವನ್ನು ಸುತ್ತಲೂ ನೋಡಿ, ತಟ್ಟಿ, ಅನುಮಾನ ಬಂದರೆ ಆ ಮರವನ್ನು ಬಿಟ್ಟುಬಿಡುವುದೂ ಹತ್ತುವವನ ಕೌಶಲವೇ. ಪರೀಕ್ಷೆಯಲ್ಲಿ ಇದಕ್ಕೆ ಅಂಕವಿರಬೇಕು. ಬೇಗ ಹತ್ತಿದರೂ ಸೊಂಟದ ಪಟ್ಟಿ, ಯಂತ್ರದ ತಂತಿಹಗ್ಗ ಇವನ್ನು ನೋಡದೆ ಹತ್ತಿದವನನ್ನು ತೇರ್ಗಡೆ ಮಾಡಬಾರದು.

ಸುಳಿಯ ಬಳಿ ಒಣಗಿದ ಗರಿಯನ್ನು ಹಿಡಿಯಲೇಬಾರದು. ಮಳೆ ಬಂದು ಕಾಂಡ ನೆನೆದಿದ್ದರೆ ಆ ದಿನ ಕೆಲಸ ಬೇಡ. ದೋಟಿಯಿಂದ ಕೀಳುವವರು ಮೊದಲು ತಲೆಯೆತ್ತಿ ವಿದ್ಯುತ್ ತಂತಿ ನೋಡಲಿ. ಹತ್ತಿರದಲ್ಲಿ ತಂತಿಯಿದ್ದರೆ ಅಲ್ಯೂಮಿನಿಯಂ ದೋಟಿಯನ್ನು ಎತ್ತಬಾರದು. ಹಸಿ ಬಿದಿರೂ ಅಪಾಯವೇ.

ತೋಟದ ಯಜಮಾನರಿಗೂ ಒಂದು ಮಾತು. ಮರಕ್ಕಿಷ್ಟೆಂದು ಕೂಲಿ ಗೊತ್ತುಮಾಡಿದಾಗ ಅವಸರ ತಾನಾಗಿ ಬರುತ್ತದೆ. ಮರ ಪರೀಕ್ಷಿಸಿ ಬೇಡವೆಂದು ಬಿಟ್ಟರೂ ಆ ಮರದ ಕೂಲಿಯನ್ನು ಕೊಡಿ. ಹೀಗೆ ಕೊಡುವವರು ಕಡಿಮೆಯೆಂಬುದು ನಮಗೂ ಗೊತ್ತು.

ಯಾರಾದರೂ ಬಿದ್ದರೆ ಎಬ್ಬಿಸಿ ಕೂರಿಸಬೇಡಿ, ನೀರು ಕುಡಿಸಬೇಡಿ. ಬೆನ್ನುಮೂಳೆಗೆ ಪೆಟ್ಟಾಗಿದ್ದರೆ ಅಲುಗಿಸಿದಷ್ಟೂ ಕೇಡು. ಕತ್ತು ಅಲುಗದಂತೆ ಹಿಡಿದುಕೊಂಡು 108ಕ್ಕೆ ಫೋನ್ ಮಾಡಿ, ವಾಹನಕ್ಕೆ ದಾರಿ ತೋರಿಸಲು ಒಬ್ಬರನ್ನು ರಸ್ತೆಗೆ ಕಳುಹಿಸಿ.