ಅಪ್ಪ ಅಮ್ಮನಲ್ಲಿ ಕಾಣದ ಗುಣ ಮಗುವಿಗೆ ಎಲ್ಲಿಂದ ಬಂತು?

ಮನೆಯಲ್ಲಿ ಮಗು ಹುಟ್ಟಿದರೆ ಹಿರಿಯರು “ಮೂಗು ಅಪ್ಪಂದು, ಕಣ್ಣು ಅಮ್ಮಂದು” ಅಂತಾರೆ. ಇಬ್ಬರಲ್ಲೂ ಇಲ್ಲದ ಗುಣ ಕಂಡರೆ “ಅಜ್ಜಿ ಹಾಗೇ ಐತೆ” ಅಂತಾರೆ. ಆದರೆ ಮಗುವಿಗೆ ಹುಟ್ಟಿನಿಂದಲೇ ಏನಾದರೂ ತೊಂದರೆ ಇದ್ದರೆ “ತಾಯಿ ಗ್ರಹಣ ನೋಡಿದ್ಳು” ಎಂದು ತಾಯಿಯನ್ನೇ ದೂರುತ್ತಾರೆ. ಇದು ಸರಿಯೇ? ವಿಜ್ಞಾನ ಏನು ಹೇಳುತ್ತದೆ ನೋಡೋಣ.

ನಮ್ಮ ದೇಹದ ಜೀವಕೋಶಗಳಲ್ಲಿ ಸಾಮಾನ್ಯವಾಗಿ 46 ವರ್ಣತಂತುಗಳಿರುತ್ತವೆ. ಅವುಗಳಲ್ಲಿ 23 ತಾಯಿಯಿಂದ, 23 ತಂದೆಯಿಂದ ಬಂದವು. ಇವುಗಳ ಮೇಲೆ ಜೀನ್‌ಗಳು, ಅಂದರೆ ವಂಶವಾಹಿಗಳು ಇವೆ. ಆದ್ದರಿಂದ ಹೆಚ್ಚಿನ ವಂಶವಾಹಿಗಳು ನಮ್ಮಲ್ಲಿ ಜೋಡಿಯಾಗಿರುತ್ತವೆ.

ಈಗಿನ ಚೆಕ್ ದೇಶದ ಬ್ರನೋ ಊರಿನ ಮಠದಲ್ಲಿ ಗ್ರೆಗರ್ ಮೆಂಡೆಲ್ ಎಂಬ ಸನ್ಯಾಸಿ ಇದ್ದರು. ಅವರು ಮಠದ ತೋಟದಲ್ಲಿ ಬಟಾಣಿ ಬೆಳೆದು ಪ್ರಯೋಗ ಮಾಡಿದರು. ಗುಂಡು ಬೀಜದ ಗಿಡಕ್ಕೂ ಸುಕ್ಕು ಬೀಜದ ಗಿಡಕ್ಕೂ ಪರಾಗಸ್ಪರ್ಶ ಮಾಡಿಸಿದಾಗ ಬಂದ ಬೀಜಗಳೆಲ್ಲ ಗುಂಡು! ಸುಕ್ಕು ಮಾಯವಾಯಿತೇ? ಇಲ್ಲ. ಆ ಬೀಜಗಳನ್ನೇ ಮತ್ತೆ ಬಿತ್ತಿದಾಗ 5474 ಗುಂಡು ಬೀಜ, 1850 ಸುಕ್ಕು ಬೀಜ ಸಿಕ್ಕವು. ಅಂದರೆ ಸುಮಾರು ಮೂರಕ್ಕೆ ಒಂದು. ಸುಕ್ಕಿನ ಗುಣ ಒಂದು ತಲೆಮಾರು ಅಡಗಿ ಕೂತಿತ್ತು ಅಷ್ಟೆ. ಅಡಗುವ ಗುಣಕ್ಕೆ ದುರ್ಬಲ ಗುಣ, ಅದನ್ನು ಮುಚ್ಚುವ ಗುಣಕ್ಕೆ ಪ್ರಬಲ ಗುಣ ಎಂದು ಹೆಸರು. 1866ರಲ್ಲಿ ಇದು ಅಚ್ಚಾಯಿತು.

ಮನುಷ್ಯರಲ್ಲೂ ಹೀಗೇ. ಎತ್ತರ, ಮೈಬಣ್ಣಗಳಿಗೆ ಅನೇಕ ವಂಶವಾಹಿಗಳು ಸೇರಿ ಕೆಲಸ ಮಾಡುತ್ತವೆ. ಆದರೆ ಹುಟ್ಟುಕಿವುಡಿನ ಕೆಲವು ಬಗೆಗಳು ದುರ್ಬಲ ಗುಣವಾಗಿ ಬರುತ್ತವೆ. ಅಂಥ ಒಂದೇ ವಂಶವಾಹಿಯನ್ನು ತಂದೆಯೂ ತಾಯಿಯೂ ಅಡಗಿಸಿಕೊಂಡಿದ್ದರೆ ಇಬ್ಬರಿಗೂ ಕಿವಿ ಚೆನ್ನಾಗಿಯೇ ಕೇಳುತ್ತದೆ. ಮಗುವಿಗೆ ಇಬ್ಬರಿಂದಲೂ ಅದೇ ಬಂದರೆ ಮಾತ್ರ ಕಿವುಡು ಬರುತ್ತದೆ. ಇದರಲ್ಲಿ ತಾಯಿಯ ಪಾಲು ಎಷ್ಟೋ ತಂದೆಯ ಪಾಲೂ ಅಷ್ಟೇ. ಗ್ರಹಣದ ಪಾಲು ಏನೂ ಇಲ್ಲ.

ನೀವೇ ಮಾಡಿ ನೋಡಿ: ಚೌಕಾಬಾರ ಆಡಲು ಉಜ್ಜಿಕೊಳ್ಳುತ್ತೀರಲ್ಲ, ಅಂಥ ಎರಡು ಹುಣಸೆ ಬೀಜ ತೆಗೆದುಕೊಳ್ಳಿ. ಒಂದು ತಂದೆ, ಒಂದು ತಾಯಿ. ಬಿಳಿ ಮುಖವೇ ಅಡಗಿದ ವಂಶವಾಹಿ. 40 ಸಲ ಎಸೆಯಿರಿ. ಎರಡೂ ಬಿಳಿ ಬೀಳುವುದು ಸುಮಾರು 10 ಸಲ. (ನಾಣ್ಯದಲ್ಲಿ ಲೆಕ್ಕ ಇನ್ನೂ ಸರಿ ಬರುತ್ತದೆ.) ಒಮ್ಮೆ ಎರಡೂ ಬಿಳಿ ಬಿತ್ತು ಅಂತ ಮುಂದಿನ ಸಲ ಬೀಳದೇ ಇರುವುದಿಲ್ಲ. ಹಾಗೆಯೇ ಪ್ರತಿ ಮಗುವಿಗೂ ನಾಲ್ಕರಲ್ಲಿ ಒಂದು ಸಂಭವ ಇದ್ದೇ ಇರುತ್ತದೆ.

ನಮ್ಮ ಕಡೆ ಅಕ್ಕನ ಮಗಳನ್ನು ತಂದುಕೊಳ್ಳುವುದು, ಅತ್ತೆ ಮಗನಿಗೆ ಕೊಡುವುದು ಉಂಟು. ಸೋದರಮಾವ ಮತ್ತು ಅಕ್ಕನ ಮಗಳಿಗೆ ಸರಾಸರಿ ನಾಲ್ಕನೇ ಒಂದು ಪಾಲು, ಅತ್ತೆ ಮಗ ಮಾವನ ಮಗಳಿಗೆ ಎಂಟನೇ ಒಂದು ಪಾಲು ವಂಶವಾಹಿಗಳು ಒಂದೇ ಹಿರಿಯರಿಂದ ಬಂದಿರುತ್ತವೆ. ಆದ್ದರಿಂದ ಅಡಗಿದ ಒಂದೇ ವಂಶವಾಹಿ ಇಬ್ಬರಲ್ಲೂ ಇರುವ ಸಂಭವ ಹೆಚ್ಚು. ಇಂಥ ಮದುವೆಗಳಲ್ಲೂ ಹೆಚ್ಚಿನ ಮಕ್ಕಳು ಆರೋಗ್ಯವಾಗಿಯೇ ಹುಟ್ಟುತ್ತಾರೆ, ನಿಜ. ಆದರೂ ಅಪಾಯ ಹೊರಗಿನ ಸಂಬಂಧಕ್ಕಿಂತ ಜಾಸ್ತಿ.

ನೆನಪಿಡಿ:
1. ಹುಟ್ಟುಕಿವುಡು ಶಾಪವಲ್ಲ, ಅಂಟುರೋಗವೂ ಅಲ್ಲ. ಅಂಥ ಗೆಳೆಯರನ್ನು ಆಟಕ್ಕೆ ಸೇರಿಸಿಕೊಳ್ಳಿ.
2. ಮನೆತನದಲ್ಲಿ ಇಂಥ ತೊಂದರೆ ಇದ್ದರೆ ಸಂಬಂಧದಲ್ಲಿ ಮದುವೆ ಮಾಡುವ ಮೊದಲು ವೈದ್ಯರನ್ನು ಕೇಳಬೇಕು.
3. ಇದನ್ನು ಓದಿ ಸುಮ್ಮನಾಗಬೇಡಿ, ಮನೆಯಲ್ಲೂ ಹೇಳಿ.