ಓದಲು ಹೋದವರು ದುಡಿಯಲು ನಿಲ್ಲುವುದು ಹೇಗೆ?

ಕಳೆದ ವರ್ಷ ಹತ್ತನೆಯ ತರಗತಿಯ ಮಕ್ಕಳೊಡನೆ ನಾವು ಕುಟ್ಟದ ದಾರಿಯಾಗಿ ತಿರುನೆಲ್ಲಿಗೆ ಪ್ರವಾಸ ಹೋಗಿದ್ದೆವು. ತೋಲ್ಪೆಟ್ಟಿಯ ಚೆಕ್‌ಪೋಸ್ಟ್ ದಾಟುತ್ತಲೇ ಒಬ್ಬ ಹುಡುಗ, “ಸಾರ್, ಇಲ್ಲಿಂದ ಕೇರಳ. ನಮಗೆ ವೀಸಾ ಬೇಡವೆ?” ಎಂದು ಕೇಳಿದ. ಬಸ್ಸಿನಲ್ಲಿದ್ದವರೆಲ್ಲ ನಕ್ಕರು. ಅವನ ಹಿಂದಿನ ಸೀಟಿನಲ್ಲಿದ್ದ ಹುಡುಗಿಯೊಬ್ಬಳು ಮಾತ್ರ ನಗಲಿಲ್ಲ. ಅವಳ ಅಣ್ಣ ಅಮೇರಿಕದಲ್ಲಿ ವ್ಯಾಪಾರಾಡಳಿತದ ವ್ಯಾಸಂಗ ಮುಗಿಸಿ, ಓದಿನ ವೀಸಾದಿಂದ ಕೆಲಸದ ವೀಸಾಕ್ಕೆ ಬದಲಾಗಲು ಕಾದಿದ್ದ. ಅವನನ್ನು ಕಳುಹಿಸಲು ತಂದೆ ಕಾಫಿ ತೋಟವನ್ನು ಅಡಮಾನವಿಟ್ಟಿದ್ದರು. “ಓದಿ ಮುಗಿಸಿದರೆ ಕೆಲಸ ತಾನಾಗಿ ಸಿಗುತ್ತದೆ ಎಂದು ಏಜೆಂಟರು ಹೇಳಿದ್ದರು ಸಾರ್” ಎಂದಳು.

ಆ ‘ತಾನಾಗಿ’ ಎಂಬ ಮಾತಿನ ಸಲುವಾಗಿಯೇ ಈ ಲೇಖನವನ್ನು ಬರೆಯಬೇಕಾಯಿತು.

ತಿರುನೆಲ್ಲಿಯ ದೇವಾಲಯಕ್ಕೆ ಬ್ರಹ್ಮಗಿರಿಯ ನೀರು ಕಂಬಗಳ ಮೇಲೆ ಸಾಲಾಗಿ ಇರಿಸಿದ ಕಲ್ಲಿನ ದಂಬೆಗಳಲ್ಲಿ ಹರಿದು ಬರುತ್ತದೆ. ನೋಡಿದವರಿಗೆ ಗೊತ್ತು, ಒಂದು ದಂಬೆ ಮುಗಿಯುವ ಮೊದಲೇ ಇನ್ನೊಂದು ಸಿದ್ಧವಾಗಿರಬೇಕು; ನಡುವೆ ಅಂತರ ಬಿದ್ದರೆ ನೀರು ನೆಲದ ಪಾಲು. ಆ ದಿನ ಮಕ್ಕಳಿಗೆ ನಾವು ವಿವರಿಸಿದ್ದು ಅದನ್ನು ತೋರಿಸಿಯೇ. ಓದಿನ ವೀಸಾ ಒಂದು ಅನುಮತಿ, ಕೆಲಸದ ವೀಸಾ ಬೇರೆಯೇ ಅನುಮತಿ. ಮೊದಲನೆಯದನ್ನು ಕೇಳುವವನು ವಿದ್ಯಾರ್ಥಿ, ಆಧಾರ ಕೊಡುವುದು ವಿದ್ಯಾಲಯ. ಎರಡನೆಯದಕ್ಕೆ ಸಾಮಾನ್ಯವಾಗಿ ಆಧಾರ ಕೊಡಬೇಕಾದವನು ಕೆಲಸ ಕೊಡುವ ಯಜಮಾನ. ಒಂದರಿಂದ ಮತ್ತೊಂದು ತಾನಾಗಿ ಹುಟ್ಟುವುದಿಲ್ಲ.

ಹಿಂದೆ ಹೀಗಿರಲಿಲ್ಲ. ಕೊಡವರ ಕುರಿತು ಪುಸ್ತಕ ಬರೆದ ಮೈಸೂರಿನ ಎಂ. ಎನ್. ಶ್ರೀನಿವಾಸರು 1945ರಲ್ಲಿ ಆಕ್ಸ್‌ಫರ್ಡಿಗೆ ಓದಲು ಹೋದರು. 1948ರಲ್ಲಿ ಅಲ್ಲಿಯೇ ಉಪನ್ಯಾಸಕರಾದರು. 1951ರಲ್ಲಿ ಬರೋಡಕ್ಕೆ ಮರಳಿದರು. ಬ್ರಿಟನ್ 1962ರ ಕಾಯಿದೆಯಿಂದ ಬಾಗಿಲು ಬಿಗಿಮಾಡುವವರೆಗೆ ಭಾರತೀಯರು ಅಲ್ಲಿ ಓದು ಬಿಟ್ಟು ಕೆಲಸಕ್ಕೆ ಸೇರಲು ಪ್ರತ್ಯೇಕ ಅನುಮತಿ ಪಡೆಯಬೇಕಾಗಿರಲಿಲ್ಲ.

ಈಗ ಅಮೇರಿಕದ ಕ್ರಮವನ್ನು ನೋಡೋಣ. ವಿದ್ಯಾರ್ಥಿಗೆ ಕೊಡುವುದು ಎಫ್-1 ವೀಸಾ. ಅದನ್ನು ಕೇಳುವಾಗ ಓದಿದ ಮೇಲೆ ಊರಿಗೆ ಮರಳುವ ಉದ್ದೇಶವಿದೆಯೆಂದು ಅಧಿಕಾರಿಗೆ ಮನದಟ್ಟಾಗಬೇಕು. ಪದವಿಯಾದ ಬಳಿಕ ಕಲಿತ ವಿಷಯದಲ್ಲೇ 12 ತಿಂಗಳು ದುಡಿಯಲು ‘ಓ.ಪಿ.ಟಿ.’ ಎಂಬ ಪ್ರಾಯೋಗಿಕ ತರಬೇತಿಯ ಅನುಮತಿ ದೊರೆಯುತ್ತದೆ. ಅದಕ್ಕೆ ವ್ಯಾಸಂಗ ಮುಗಿಯುವ 90 ದಿನ ಮೊದಲಿನಿಂದ, ಮುಗಿದ 60 ದಿನಗಳ ಒಳಗೆ ಅರ್ಜಿ ಹಾಕಬೇಕು. ವಿಜ್ಞಾನ, ತಂತ್ರಜ್ಞಾನ, ಎಂಜಿನಿಯರಿಂಗ್, ಗಣಿತ ಇವುಗಳ ಪಟ್ಟಿಗೆ ಸೇರಿದ ಪದವಿಯಾದರೆ ಇನ್ನೂ 24 ತಿಂಗಳು ಕೇಳಬಹುದು. ಇಲ್ಲಿಯೇ ಆ ಹುಡುಗಿಯ ಅಣ್ಣ ಎಡವಿದ್ದು. ಅವನು ಆರಿಸಿದ ಕೋರ್ಸು ಆ ಪಟ್ಟಿಯಲ್ಲಿರಲಿಲ್ಲ. 3 ವರ್ಷವೆಂದು ಎಣಿಸಿದ್ದು ಒಂದೇ ವರ್ಷವಾಯಿತು. ಕೋರ್ಸಿನ ಹೆಸರಿನಿಂದ ಇದು ತಿಳಿಯುವುದಿಲ್ಲ. ವಿದ್ಯಾಲಯ ಅದಕ್ಕೆ ಕೊಟ್ಟಿರುವ ಸಂಕೇತ ಸಂಖ್ಯೆಯನ್ನು ಕೇಳಿ ನೋಡಬೇಕು. ಆ 12 ತಿಂಗಳಲ್ಲಿ ಒಟ್ಟು 90 ದಿನಕ್ಕಿಂತ ಹೆಚ್ಚು ಕೆಲಸವಿಲ್ಲದೆ ಇರುವಂತೆಯೂ ಇಲ್ಲ.

ಇದರ ನಂತರದ ದಂಬೆ ಎಚ್-1ಬಿ. 1990ರ ಕಾಯಿದೆಯಿಂದ ಈ ಹೆಸರಿನಲ್ಲಿ ಬಂದ ಈ ವೀಸಾಗಳ ವಾರ್ಷಿಕ ಮಿತಿ 65,000. ಅಮೇರಿಕದಲ್ಲೇ ಸ್ನಾತಕೋತ್ತರ ಪದವಿ ಪಡೆದವರಿಗೆ ಮೇಲೆ 20,000. ಕೇಳುವವರು ಇದಕ್ಕಿಂತ ಬಹಳ ಹೆಚ್ಚು. ಮಾರ್ಚ್ ತಿಂಗಳಲ್ಲಿ ಕಂಪೆನಿಯು ಹೆಸರು ನೋಂದಾಯಿಸುತ್ತದೆ, ಗಣಕಯಂತ್ರ ಚೀಟಿ ಎತ್ತುತ್ತದೆ, ಬಂದವರಿಗೆ ಅಕ್ಟೋಬರ್ 1ರಿಂದ ಕೆಲಸ. ಬುದ್ಧಿವಂತನಾದರೂ, ಕಂಪೆನಿಗೆ ಬೇಕಾದವನಾದರೂ ಚೀಟಿಯಲ್ಲಿ ಬಾರದಿದ್ದರೆ ಮುಂದಿನ ಮಾರ್ಚ್‌ವರೆಗೆ ಕಾಯಬೇಕು. 3 ವರ್ಷದ ಅವಕಾಶವಿದ್ದವನಿಗೆ ಮೂರು ಬಾರಿ ಯತ್ನಿಸಲು ಸಾಧ್ಯ. ಒಂದು ವರ್ಷದವನಿಗೆ ಹೆಚ್ಚಾಗಿ ಒಂದೇ ಬಾರಿ. ಇನ್ನೊಂದು ಸೂಕ್ಷ್ಮವನ್ನು ಬಹಳ ಮಂದಿ ಮರೆಯುತ್ತಾರೆ. ಅಲ್ಲಿದ್ದುಕೊಂಡೇ ಬದಲಾಯಿಸಿಕೊಂಡದ್ದು ವಾಸದ ಅನುಮತಿ ಮಾತ್ರ. ತಂಗಿಯ ಮದುವೆಗೆಂದು ಊರಿಗೆ ಬಂದರೆ, ಮರಳಿ ಹೋಗಲು ಕಾನ್ಸುಲೇಟಿನಲ್ಲಿ ಹೊಸ ವೀಸಾ ಪಾಸ್‌ಪೋರ್ಟಿಗೆ ಅಂಟಿಸಿಕೊಳ್ಳಲೇಬೇಕು.

ಬೇರೆ ದೇಶಗಳ ಕ್ರಮ ಬೇರೆ. ಜರ್ಮನಿಯಲ್ಲಿ ಪದವಿಯಾದವರಿಗೆ ಕೆಲಸ ಹುಡುಕಲು 18 ತಿಂಗಳ ಅನುಮತಿಯುಂಟು. ಭಾಷೆ ಕಲಿಯದೆ ಹೋದವರಿಗೆ ಆ ಕಾಲ ಸಾಲದು. ಕೆನಡದಲ್ಲಿ ಪದವಿಯ ನಂತರದ ಅನುಮತಿ 3 ವರ್ಷದವರೆಗೆ ಸಿಗಬಹುದು, ಆದರೆ ಎಲ್ಲ ಕಾಲೇಜುಗಳಿಗೂ ಆ ಅರ್ಹತೆಯಿಲ್ಲ. ಅಲ್ಲಿ 2023ರಲ್ಲಿ ಕೆಲವು ಭಾರತೀಯ ವಿದ್ಯಾರ್ಥಿಗಳು ಗಡೀಪಾರಿನ ಭೀತಿಗೆ ಸಿಕ್ಕಿದ್ದು ಪತ್ರಿಕೆಗಳಲ್ಲಿ ಬಂದಿತ್ತು. ಏಜೆಂಟರು ಕೊಟ್ಟ ಪ್ರವೇಶ ಪತ್ರಗಳೇ ನಕಲಿಯಾಗಿದ್ದುವು. ಅದು ಹೊರಬಿದ್ದದ್ದು ಓದಿ, ದುಡಿದು, ಕಾಯಂ ವಾಸಕ್ಕೆ ಅರ್ಜಿ ಹಾಕಿದ ಮೇಲೆ.

ಬ್ರಿಟನ್ನಿನದು ಇನ್ನೊಂದು ಪಾಠ. ಓದಿದ ಮೇಲೆ ನಿಂತು ದುಡಿಯುವ ಅವಕಾಶವನ್ನು ಅಲ್ಲಿ 2012ರಲ್ಲಿ ಮುಚ್ಚಿದರು. 2021ರ ಜುಲೈ 1ರಂದು 2 ವರ್ಷದ ಅನುಮತಿಯಾಗಿ ಮತ್ತೆ ತೆರೆದರು. 2027ರ ಜನವರಿ 1ರಿಂದ ಅರ್ಜಿ ಹಾಕುವವರಿಗೆ, ಪಿಎಚ್.ಡಿ.ಯವರನ್ನು ಬಿಟ್ಟು, 18 ತಿಂಗಳೆಂದು ಗೊತ್ತುಮಾಡಿದ್ದಾರೆ. ಈಗ ಹತ್ತನೆಯಲ್ಲಿರುವ ವಿದ್ಯಾರ್ಥಿ ಹೊರದೇಶಕ್ಕೆ ಹೊರಡುವಷ್ಟರಲ್ಲಿ ಆರೇಳು ವರ್ಷ ಕಳೆದಿರುತ್ತದೆ. ಅಷ್ಟರಲ್ಲಿ ನಿಯಮ ಎಷ್ಟು ಸಲ ಬದಲಾಗುವುದೋ! ಆದ್ದರಿಂದ ಪಕ್ಕದ ಮನೆಯವರ ಮಗ ಹೋದದ್ದು ಹೇಗೆ ಎಂಬುದನ್ನಲ್ಲ, ಹೊರಡುವ ವರ್ಷದ ನಿಯಮವನ್ನು ಆ ದೇಶದ ಸರಕಾರದಿಂದಲೇ ತಿಳಿಯತಕ್ಕದ್ದು.

ಹೆತ್ತವರೊಡನೆ ಒಂದು ಮಾತು. ಬ್ಯಾಂಕುಗಳ ಮಾದರಿ ವಿದ್ಯಾಸಾಲದ ಯೋಜನೆಯಲ್ಲಿ 7.5 ಲಕ್ಷ ರೂಪಾಯಿ ಮೀರಿದರೆ ಆಸ್ತಿಯ ಭದ್ರತೆ ಕೇಳುತ್ತಾರೆ. ವ್ಯಾಸಂಗದ ಅವಧಿ ಮತ್ತು ಅದರ ಮೇಲೆ ಒಂದು ವರ್ಷ ಕಂತಿಗೆ ಬಿಡುವು. ಆ ಒಂದು ವರ್ಷವೂ, ಮೇಲೆ ಹೇಳಿದ 12 ತಿಂಗಳೂ ಹೆಚ್ಚು ಕಡಿಮೆ ಒಟ್ಟಿಗೆ ಮುಗಿಯುತ್ತವೆಂಬುದನ್ನು ಗಮನಿಸಿ. ಅಂದರೆ ಮಗನ ವೀಸಾ ಅನುಮಾನದಲ್ಲಿರುವಾಗಲೇ ಕಂತು ಶುರುವಾಗುತ್ತದೆ. ಮಗ ಊರಿಗೆ ಮರಳಿ ಇಲ್ಲಿಯ ಸಂಬಳದಲ್ಲಿ ದುಡಿದರೂ ತೀರಿಸಲಾಗುವಷ್ಟೇ ಸಾಲ ಮಾಡುವುದು ಲೇಸೆಂದು ನಮ್ಮ ಅಭಿಪ್ರಾಯ. ಒಪ್ಪದವರು ಇರಬಹುದು.

ಇನ್ನು ಶಾಲೆಯಲ್ಲೇ ಆಗಬೇಕಾದ ಒಂದು ಕೆಲಸವಿದೆ. ಅದೇ ಹೆಸರಿನ ವಿಚಾರ. ನಮ್ಮ ಕಡೆ ಇನಿಷಿಯಲ್ ಮುಂದೆ ಇಡುವವರುಂಟು, ಹಿಂದೆ ಇಡುವವರುಂಟು, ಮನೆತನದ ಹೆಸರು ಸೇರಿಸುವವರುಂಟು. ಗಡಿಯಾಚೆಯಿಂದ ಬಂದ ಮಕ್ಕಳ ಹೆಸರು ಮಲಯಾಳದಿಂದ ಇಂಗ್ಲಿಷಿಗೆ ಒಂದು ರೀತಿ, ಕನ್ನಡದಿಂದ ಇಂಗ್ಲಿಷಿಗೆ ಇನ್ನೊಂದು ರೀತಿ. ಎಸ್.ಎಸ್.ಎಲ್.ಸಿ. ಅಂಕಪಟ್ಟಿಯ ಹೆಸರನ್ನೇ ಪದವಿಪತ್ರವೂ ಅನುಸರಿಸುತ್ತದೆ. ಪಾಸ್‌ಪೋರ್ಟಿನಲ್ಲಿ ಹೆಸರು, ಉಪನಾಮ ಎಂದು ಎರಡು ಮನೆಗಳಿವೆ. ಇದ್ದ ಹೆಸರನ್ನೆಲ್ಲ ಉಪನಾಮದ ಮನೆಯಲ್ಲಿ ತುಂಬಿ ಇನ್ನೊಂದನ್ನು ಖಾಲಿ ಬಿಟ್ಟವರಿಗೆ ಅಮೇರಿಕದ ವೀಸಾದಲ್ಲಿ ‘ಎಫ್.ಎನ್.ಯು.’ ಎಂದು ಅಚ್ಚಾಗುತ್ತದೆ. ಮೊದಲ ಹೆಸರು ತಿಳಿದಿಲ್ಲ ಎಂದು ಅದರ ಅರ್ಥ. ಅಪ್ಪ ಅಮ್ಮ ಪ್ರೀತಿಯಿಂದ ಇಟ್ಟ ಹೆಸರಿರುವಾಗಲೇ ಅಲ್ಲಿ ಅನಾಮಿಕ! ಪದವಿಪತ್ರದಲ್ಲೊಂದು, ಪಾಸ್‌ಪೋರ್ಟಿನಲ್ಲೊಂದು ಹೆಸರಾದರೆ, ಕೆಲಸದ ವೀಸಾದ ದಿನಗಳು ಓಡುತ್ತಿರುವಾಗ ಪ್ರಮಾಣಪತ್ರಕ್ಕಾಗಿ ಅಲೆಯಬೇಕಾಗುತ್ತದೆ.

ಆ ಹುಡುಗಿಯ ಅಣ್ಣನ ಹೆಸರು ಮಾರ್ಚ್‌ನಲ್ಲಿ ಚೀಟಿಗೆ ಬರಲಿಲ್ಲ. ಈಗ ಅವನು ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾನೆ. ಕಂತು ನಡೆಯುತ್ತಿದೆ, ತೋಟ ಇನ್ನೂ ಬ್ಯಾಂಕಿನಲ್ಲಿದೆ. ಪರೀಕ್ಷೆಗೆ ಮಕ್ಕಳ ಹೆಸರಿನ ಪಟ್ಟಿ ಕಳುಹಿಸುವ ವಾರ ಅವಳು ತನ್ನ ಜನನ ಪ್ರಮಾಣಪತ್ರವನ್ನೂ ಆಧಾರ್ ಚೀಟಿಯನ್ನೂ ಹಿಡಿದು ಆಫೀಸಿಗೆ ಬಂದಳು. ಎರಡರಲ್ಲೂ ಅವಳ ಹೆಸರಿನ ಒಂದೊಂದು ಅಕ್ಷರ ಬೇರೆಯಾಗಿತ್ತು. ತಿದ್ದುಪಡಿಯ ಅರ್ಜಿಯನ್ನು ಅವಳ ಕೈಯಿಂದಲೇ ಬರೆಸಿದೆವು.